ಡೇಟಾಬೇಸ್ ಆಡಿಟ್‌ನ ಹೊರೆ: ಆನ್ ಮಾಡುವ ಮುಂಚೆ ಅಳೆಯುವುದು ಹೇಗೆ, ಇಳಿಸುವುದು ಹೇಗೆ

"ಆಡಿಟ್ (ಡೇಟಾಬೇಸಿನಲ್ಲಿ ಯಾರು, ಯಾವಾಗ, ಏನು ಮಾಡಿದರು ಅನ್ನುವ ದಾಖಲೆ) ಆನ್ ಮಾಡಿದರೆ ಡೇಟಾಬೇಸ್ ಎಷ್ಟು ಪರ್ಸೆಂಟ್ ನಿಧಾನವಾಗುತ್ತದೆ?" ಈ ಪ್ರಶ್ನೆಗೆ ಯಾರಾದರೂ ಥಟ್ಟನೆ ಒಂದು ಸಂಖ್ಯೆ ಹೇಳಿದರೆ ನಂಬಬೇಡಿ. ಅವರು ಅಳೆದಿದ್ದರೂ ತಮ್ಮ ಡೇಟಾಬೇಸನ್ನು ಅಳೆದಿರುತ್ತಾರೆ, ನಿಮ್ಮದನ್ನಲ್ಲ. ಅದೇ ಸಾಫ್ಟ್‌ವೇರ್, ಅದೇ ಸೆಟ್ಟಿಂಗ್ ಇದ್ದರೂ ಒಂದು ಕಡೆ ವ್ಯತ್ಯಾಸ ಗೊತ್ತೇ ಆಗುವುದಿಲ್ಲ, ಇನ್ನೊಂದು ಕಡೆ ಅಪ್ಲಿಕೇಶನ್ ಕುಂಟುತ್ತದೆ.

ಕಾರಣ ಸರಳ. ಆಡಿಟ್‌ನ ಖರ್ಚು ಹೆಚ್ಚುಕಮ್ಮಿ ಸ್ಟೇಟ್‌ಮೆಂಟಿಗೆ (ಡೇಟಾಬೇಸಿಗೆ ಕೊಡುವ ಒಂದೊಂದು ಆದೇಶಕ್ಕೆ) ಇಷ್ಟು ಅಂತ ಬೀಳುತ್ತದೆ. ಒಂದು ಸಾಲು ಆಡಿಟ್ ಬರೆಯಲು 50 ಮೈಕ್ರೋಸೆಕೆಂಡ್ ಹಿಡಿಯುತ್ತದೆ ಅಂತಿಟ್ಟುಕೊಳ್ಳಿ. ಪ್ರೈಮರಿ ಕೀ ಕೊಟ್ಟು ಒಂದೇ ಸಾಲು ತರುವ ಕ್ವೆರಿ 100 ಮೈಕ್ರೋಸೆಕೆಂಡಿನಲ್ಲಿ ಮುಗಿಯುತ್ತಿದ್ದರೆ, ಈಗ ಅದಕ್ಕೆ ಒಂದೂವರೆ ಪಟ್ಟು ಸಮಯ ಬೇಕು. ಎರಡು ಸೆಕೆಂಡ್ ಓಡುವ ರಿಪೋರ್ಟ್ ಕ್ವೆರಿಗೆ ಅದೇ 50 ಮೈಕ್ರೋಸೆಕೆಂಡ್ ಲೆಕ್ಕಕ್ಕೇ ಇಲ್ಲ. ಅಂದರೆ ಸಣ್ಣ ಸಣ್ಣ ಕ್ವೆರಿಗಳು ರಾಶಿ ರಾಶಿ ಬರುವ ಕಡೆ ಆಡಿಟ್ ಕಚ್ಚುತ್ತದೆ.

ಹಾಗಾಗಿ ಪರ್ಸೆಂಟ್ ಲೆಕ್ಕ ಬಿಡಿ. ಕೇಳಬೇಕಾದದ್ದು ಬೇರೆ: ಸೆಕೆಂಡಿಗೆ ಎಷ್ಟು ಆಡಿಟ್ ಸಾಲು ಹುಟ್ಟುತ್ತದೆ, ಅದನ್ನು ಬರೆದು ಮುಗಿಸುವ ತನಕ ಬಳಕೆದಾರರ ಕ್ವೆರಿ ಕಾಯುತ್ತದಾ ಇಲ್ಲವಾ? ಕೆಳಗಿನ ಹಂತಗಳೆಲ್ಲ ಈ ಎರಡಕ್ಕೆ ಉತ್ತರ ಹುಡುಕುವುದಕ್ಕೇ. ಪೋಸ್ಟ್‌ಗ್ರೆಸ್ ಹಿಡಿದು ಹೇಳುತ್ತೇನೆ, ಅಳೆಯುವ ಟೂಲ್ ಅದರ ಜೊತೆಗೇ ಬರುತ್ತದೆ. ಬೇರೆ ಡೇಟಾಬೇಸ್‌ಗಳ ರೀತಿ ಬೇರೆಯಾಗಿರುವ ಕಡೆ ಅದನ್ನೂ ಸೇರಿಸುತ್ತೇನೆ.

ಹಂತ 1: ಯಾವ ಪ್ರಶ್ನೆಗೆ ಉತ್ತರ ಬೇಕು ಅಂತ ಬರೆದಿಡಿ

"ಎಲ್ಲವನ್ನೂ ಆಡಿಟ್ ಮಾಡಿ" ಅನ್ನುವ ಬೇಡಿಕೆ ಬಂದರೆ, ಹೂಂ ಅನ್ನುವ ಮುಂಚೆ ಒಂದು ಮಾತು ಕೇಳಿ: ನಾಳೆ ಏನಾದರೂ ಎಡವಟ್ಟಾದಾಗ ಈ ಲಾಗ್ ತೆಗೆದು ಏನು ಹುಡುಕುತ್ತೀರಿ? ಉತ್ತರ ಹೆಚ್ಚಾಗಿ ಹೀಗಿರುತ್ತದೆ: ಟೇಬಲ್ ಅಳಿಸಿದ್ದು ಯಾರು, ಯಾರಿಗೆ ಯಾರು ಅನುಮತಿ ಕೊಟ್ಟರು, ಗ್ರಾಹಕರ ಗುರುತಿನ ಕಾಲಂ ಓದಿದ್ದು ಯಾರು, ಅಡ್ಮಿನ್ ಲಾಗಿನ್‌ನಿಂದ ಏನೇನು ನಡೆಯಿತು. ಅಪ್ಲಿಕೇಶನ್ ತನ್ನ ಪಾಡಿಗೆ ದಿನವಿಡೀ ಮಾಡುವ ಪುಟ್ಟ ಪುಟ್ಟ ಓದುಗಳು ಈ ಪಟ್ಟಿಯಲ್ಲಿ ಇಲ್ಲ, ಅಲ್ವಾ? ಲಾಗ್ ತುಂಬಿಸುವುದು ಮಾತ್ರ ಹೆಚ್ಚಾಗಿ ಅವೇ.

ನಿಯಮದ ಒತ್ತಡ ಇದ್ದರೆ ಆ ನಿಯಮವನ್ನೇ ತೆರೆದು ಓದಿ. ಕಾರ್ಡ್ ಪಾವತಿಗೆ ಅನ್ವಯಿಸುವ ಪಿಸಿಐ ಡಿಎಸ್ಎಸ್ ಆಡಿಟ್ ಇತಿಹಾಸವನ್ನು ಕನಿಷ್ಠ 12 ತಿಂಗಳು ಇಟ್ಟುಕೊಳ್ಳಿ, ಅದರಲ್ಲಿ ಇತ್ತೀಚಿನ 3 ತಿಂಗಳದ್ದು ತಕ್ಷಣ ನೋಡಲು ಸಿಗಬೇಕು ಅನ್ನುತ್ತದೆ. ಕಾರ್ಡ್ ಡೇಟಾ ಯಾರು ಮುಟ್ಟಿದರು, ಅಡ್ಮಿನ್‌ಗಳು ಏನು ಮಾಡಿದರು ಅನ್ನುವುದು ದಾಖಲಾಗಬೇಕು ಅನ್ನುತ್ತದೆ. ಕಾರ್ಡಿಗೆ ಸಂಬಂಧವೇ ಇಲ್ಲದ ಟೇಬಲ್‌ನ ಪ್ರತಿ ಓದನ್ನೂ ಬರೆದಿಡಿ ಅನ್ನುವುದಿಲ್ಲ. ನಿಯಮ ಕೇಳದ್ದನ್ನು ಭಯಕ್ಕೆ ಸೇರಿಸುವವರೇ ಜಾಸ್ತಿ.

ಹಂತ 2: ದಾರಿ ಆರಿಸಿ. ಟ್ರಿಗರ್ ಆದರೆ ಹುಷಾರು

ಆಡಿಟ್ ಮಾಡುವ ದಾರಿ ನಾಲ್ಕೈದು ಇವೆ: ಟ್ರಿಗರ್ (ಸಾಲು ಬದಲಾದಾಗ ತಾನಾಗಿ ಓಡುವ ಕೋಡ್) ಹಾಕಿ ಇನ್ನೊಂದು ಟೇಬಲಿಗೆ ಬರೆಯುವುದು, ಎಲ್ಲ ಕ್ವೆರಿಯನ್ನೂ ಸರ್ವರ್ ಲಾಗಿಗೆ ಸುರಿಯುವುದು, ಡೇಟಾಬೇಸ್‌ನದ್ದೇ ಆಡಿಟ್ ಸೌಲಭ್ಯ ಬಳಸುವುದು, ಬದಲಾವಣೆಗಳನ್ನು ಟ್ರಾನ್ಸಾಕ್ಷನ್ ಲಾಗ್‌ನಿಂದ (ಡೇಟಾಬೇಸ್ ತನ್ನ ಬದಲಾವಣೆಗಳನ್ನೆಲ್ಲ ಬರೆದಿಡುವ ಫೈಲ್‌ಗಳಿಂದ) ಓದಿಕೊಳ್ಳುವುದು, ಅಪ್ಲಿಕೇಶನ್ ಕೋಡಿನಲ್ಲೇ ಬರೆಯುವುದು. ಕೊನೆಯದ್ದರ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಅಡ್ಮಿನ್ ನೇರವಾಗಿ ಡೇಟಾಬೇಸಿಗೆ ಕೈಹಾಕಿದರೆ ಅದಕ್ಕೆ ಕಾಣುವುದೇ ಇಲ್ಲ.

ಟ್ರಿಗರ್ ಎಲ್ಲರಿಗೂ ಮೊದಲು ಹೊಳೆಯುವ ದಾರಿ. ಕಾಲಂನ ಹಳೆಯ ಮೌಲ್ಯ, ಹೊಸ ಮೌಲ್ಯ ಎರಡೂ ಸಿಗುತ್ತವೆ, ಬೇರೆ ಸಾಫ್ಟ್‌ವೇರ್ ಬೇಕಿಲ್ಲ. ಆದರೆ ಬೆಲೆ ತೆರುವುದೂ ಇಲ್ಲೇ ಜಾಸ್ತಿ. ಟ್ರಿಗರ್ ಓಡುವುದು ಬಳಕೆದಾರರ ಟ್ರಾನ್ಸಾಕ್ಷನ್ (ಒಟ್ಟಿಗೆ ಆಗಬೇಕಾದ, ಇಲ್ಲವೇ ಒಟ್ಟಿಗೆ ರದ್ದಾಗಬೇಕಾದ ಕೆಲಸಗಳ ಕಟ್ಟು) ಒಳಗೇ. ಒಂದು ಸಾಲು ಬದಲಾದರೆ ಆಡಿಟ್ ಟೇಬಲಿಗೆ ಇನ್ನೊಂದು ಸಾಲು, ಆ ಟೇಬಲ್‌ನ ಇಂಡೆಕ್ಸ್‌ಗಳಿಗೆ ಇನ್ನಷ್ಟು ಬರಹ, ಇವೆಲ್ಲ ಟ್ರಾನ್ಸಾಕ್ಷನ್ ಲಾಗಿಗೂ ಹೋಗಬೇಕು, ರೆಪ್ಲಿಕಾಗೂ (ನಕಲು ಸರ್ವರ್‌ಗೂ) ಹೋಗಬೇಕು. 10 ಲಕ್ಷ ಸಾಲಿನ ಮೇಲೆ ಒಂದೇ ಅಪ್‌ಡೇಟ್ ಓಡಿಸಿ ನೋಡಿ. ಸ್ಟೇಟ್‌ಮೆಂಟ್ ಮಟ್ಟದ ಆಡಿಟ್ ಅದಕ್ಕೆ ಒಂದು ಸಾಲು ಬರೆದು ಸುಮ್ಮನಾಗುತ್ತದೆ. ಸಾಲು ಮಟ್ಟದ ಟ್ರಿಗರ್ 10 ಲಕ್ಷ ಸಲ ಓಡುತ್ತದೆ.

ಇದಕ್ಕಿಂತ ಕಣ್ಣಿಗೆ ಬೀಳದ ಪೆಟ್ಟು ಇನ್ನೊಂದಿದೆ: ಲಾಕ್, ಅಂದರೆ ಒಬ್ಬರು ಸಾಲು ಬದಲಿಸುವಾಗ ಉಳಿದವರನ್ನು ಕಾಯಿಸುವ ಬೀಗ. ಎಲ್ಲರೂ ಅಪ್‌ಡೇಟ್ ಮಾಡುವ ಒಂದು ಸಾಲು ಇದೆ ಅಂತಿಟ್ಟುಕೊಳ್ಳಿ, ಒಟ್ಟು ಮೊತ್ತವೋ ಸ್ಟಾಕ್ ಎಣಿಕೆಯೋ ಇರುವಂಥದ್ದು. ಪ್ರತಿ ಟ್ರಾನ್ಸಾಕ್ಷನ್ ಆ ಸಾಲಿನ ಲಾಕನ್ನು 2 ಮಿಲಿಸೆಕೆಂಡ್ ಹಿಡಿದರೆ ಸೆಕೆಂಡಿಗೆ ಹೆಚ್ಚೆಂದರೆ 500 ಟ್ರಾನ್ಸಾಕ್ಷನ್ ಸಾಗುತ್ತವೆ. ಟ್ರಿಗರ್ ಬರೇ 1 ಮಿಲಿಸೆಕೆಂಡ್ ಸೇರಿಸಿದರೂ ಅದು 333ಕ್ಕೆ ಇಳಿಯಿತು. ಸಿಪಿಯು ಖಾಲಿ ಇರುತ್ತದೆ, ಡಿಸ್ಕ್ ಖಾಲಿ ಇರುತ್ತದೆ, ಆದರೂ ಸಾಮರ್ಥ್ಯದಲ್ಲಿ ಮೂರರಲ್ಲೊಂದು ಪಾಲು ಮಾಯ. ಮಾನಿಟರಿಂಗ್ ಪರದೆ ನೋಡಿ ತಲೆ ಕೆರೆದುಕೊಳ್ಳುವುದು ಇಂಥ ಹೊತ್ತಲ್ಲೇ.

ಇಷ್ಟಾದರೂ ಟ್ರಿಗರ್‌ಗೆ ಓದುವ ಕ್ವೆರಿ ಕಾಣುವುದಿಲ್ಲ. ಟ್ರಾನ್ಸಾಕ್ಷನ್ ರೋಲ್‌ಬ್ಯಾಕ್ ಆದರೆ (ರದ್ದಾದರೆ) ಅದರ ಆಡಿಟ್ ಸಾಲೂ ಅಳಿಸಿಹೋಗುತ್ತದೆ, ಅಂದರೆ ಯಾರೋ ಮಾಡಲು ಹೋಗಿ ಬಿಟ್ಟ ಕೆಲಸದ ಗುರುತು ಸಿಗುವುದಿಲ್ಲ. ಹಳೆ-ಹೊಸ ಮೌಲ್ಯ ಬೇಕೇ ಬೇಕು ಅನ್ನುವ ಕೆಲವೇ ಟೇಬಲ್‌ಗಳಿಗೆ ಮಾತ್ರ ಟ್ರಿಗರ್ ಇಟ್ಟುಕೊಳ್ಳಿ. ಪೋಸ್ಟ್‌ಗ್ರೆಸ್ 10ರಿಂದ ಸ್ಟೇಟ್‌ಮೆಂಟ್ ಮಟ್ಟದ ಟ್ರಿಗರ್‌ಗೂ ಬದಲಾದ ಸಾಲುಗಳೆಲ್ಲ ಒಟ್ಟಿಗೆ ಒಂದು ಟೇಬಲ್‌ನಂತೆ ಸಿಗುತ್ತವೆ. ಅದನ್ನು ಬಳಸಿ ಒಂದೇ ಇನ್ಸರ್ಟ್‌ನಲ್ಲಿ ಬರೆದರೆ ದೊಡ್ಡ ಅಪ್‌ಡೇಟ್‌ಗಳು ಎಷ್ಟೋ ಹಗುರ. ಆಡಿಟ್ ಟೇಬಲನ್ನು ತಿಂಗಳ ಪ್ರಕಾರ ಪಾರ್ಟಿಷನ್ ಮಾಡಿ, ಅದರ ಮೇಲೆ ಇಂಡೆಕ್ಸ್ ಆದಷ್ಟು ಕಡಿಮೆ ಇಡಿ.

ಟ್ರಾನ್ಸಾಕ್ಷನ್ ಲಾಗ್ ಓದುವ ದಾರಿಯಲ್ಲಿ ಬಳಕೆದಾರರು ಕಾಯಬೇಕಿಲ್ಲ. ಆದರೆ ಓದುಗಳು ಇಲ್ಲೂ ಕಾಣುವುದಿಲ್ಲ, ಯಾವ ಲಾಗಿನ್ ಮಾಡಿದ್ದು ಅನ್ನುವುದೂ ಸುಲಭಕ್ಕೆ ಸಿಗುವುದಿಲ್ಲ. ಓದುವ ಪ್ರೋಗ್ರಾಂ ನಿಂತುಹೋದರೆ ಪೋಸ್ಟ್‌ಗ್ರೆಸ್ ಹಳೆಯ ಲಾಗ್ ಫೈಲ್‌ಗಳನ್ನು ಅದಕ್ಕಾಗಿ ಹಿಡಿದಿಟ್ಟುಕೊಂಡು ಡಿಸ್ಕ್ ತುಂಬಿಸುತ್ತದೆ. 13ನೇ ಆವೃತ್ತಿಯಿಂದ ಇದಕ್ಕೆ ಮಿತಿ ಹಾಕುವ ಸೆಟ್ಟಿಂಗ್ ಇದೆ, ಮರೆಯದೆ ಹಾಕಿ.

ಬಹಳಷ್ಟು ಕಡೆ ಸರಿಹೋಗುವುದು ಡೇಟಾಬೇಸ್‌ನದ್ದೇ ಆಡಿಟ್ ಸೌಲಭ್ಯ: ಪೋಸ್ಟ್‌ಗ್ರೆಸ್‌ಗೆ ಪಿಜಿಆಡಿಟ್ (ಬೇರೆಯಾಗಿ ಸೇರಿಸಿಕೊಳ್ಳುವ ಎಕ್ಸ್‌ಟೆನ್ಷನ್), ಆರಕಲ್‌ನಲ್ಲಿ 2013ರ 12ಸಿ ಆವೃತ್ತಿಯಿಂದ ಬಂದ ಯೂನಿಫೈಡ್ ಆಡಿಟಿಂಗ್, ಎಸ್‌ಕ್ಯೂಎಲ್ ಸರ್ವರ್‌ನಲ್ಲಿ 2008ರಿಂದ ಇರುವ ಆಡಿಟ್, ಮೈಎಸ್‌ಕ್ಯೂಎಲ್ ಎಂಟರ್‌ಪ್ರೈಸ್ ಮತ್ತು ಮಾರಿಯಾಡಿಬಿಯ ಆಡಿಟ್ ಪ್ಲಗಿನ್‌ಗಳು. ಮುಂದಿನದ್ದೆಲ್ಲ ಇವನ್ನು ಮನಸ್ಸಲ್ಲಿಟ್ಟುಕೊಂಡೇ ಹೇಳುವುದು.

ಹಂತ 3: ಆಡಿಟ್ ಇಲ್ಲದೆ ಅಳೆಯಿರಿ

ಪ್ರೊಡಕ್ಷನ್ ಥರದ್ದೇ ಮೆಷಿನ್, ಅದೇ ಗಾತ್ರದ ಡೇಟಾ ಬೇಕು. ಸಾಧ್ಯವಾದರೆ ನಿಮ್ಮ ಅಪ್ಲಿಕೇಶನ್‌ನ ನಿಜವಾದ ಕ್ವೆರಿಗಳನ್ನೇ ಓಡಿಸಿ. ಆಗದಿದ್ದರೆ ಪಿಜಿಬೆಂಚ್‌ನಿಂದ (ಪೋಸ್ಟ್‌ಗ್ರೆಸ್ ಜೊತೆ ಬರುವ, ಬ್ಯಾಂಕ್ ವಹಿವಾಟಿನಂಥ ಲೋಡ್ ಹಾಕಿ ಅಳೆಯುವ ಟೂಲ್) ಶುರುಮಾಡಿ. ಸ್ಕೇಲ್ (ಡೇಟಾದ ಗಾತ್ರ ಹೇಳುವ ಸಂಖ್ಯೆ) 100 ಕೊಟ್ಟರೆ ಅದರ ಅಕೌಂಟ್ಸ್ ಟೇಬಲಿನಲ್ಲಿ 1 ಕೋಟಿ ಸಾಲು ಹುಟ್ಟುತ್ತವೆ. ಸ್ಕೇಲ್ ಸಂಖ್ಯೆ ಕ್ಲೈಂಟ್‌ಗಳ ಸಂಖ್ಯೆಗಿಂತ ಕಡಿಮೆ ಇರಬಾರದು. ಇದ್ದರೆ ಎಲ್ಲರೂ ಕೆಲವೇ ಬ್ರಾಂಚ್ ಸಾಲುಗಳಿಗೆ ಮುಗಿಬಿದ್ದು ಲಾಕಿಗೆ ಕಾಯುತ್ತಾರೆ, ನೀವು ಆಡಿಟ್ ಬದಲು ಲಾಕನ್ನು ಅಳೆದಂತಾಗುತ್ತದೆ.

ಇಲ್ಲಿ ಎರಡು ವಿಷಯ ತಪ್ಪದೆ ಮಾಡಿ. ಒಂದು, ಏನನ್ನೂ ಬದಲಿಸದೆ ಅದೇ ಪರೀಕ್ಷೆಯನ್ನು ಹಲವು ಸಲ ಓಡಿಸಿ. ಒಂದೊಂದು ಸಲಕ್ಕೂ ಬರುವ ವ್ಯತ್ಯಾಸವೇ 4 ಪರ್ಸೆಂಟ್ ಇದ್ದರೆ, ಆಮೇಲೆ "ಆಡಿಟ್‌ನಿಂದ 3 ಪರ್ಸೆಂಟ್ ಹೋಯಿತು" ಅನ್ನುವ ಮಾತಿಗೆ ಅರ್ಥವಿಲ್ಲ. ಕ್ಯಾಶ್ (ಡೇಟಾವನ್ನು ಮೆಮೊರಿಯಲ್ಲಿಡುವ ತಾತ್ಕಾಲಿಕ ಸಂಗ್ರಹ) ಬಿಸಿಯಾಗುವ ತನಕದ ಮೊದಲ ಕೆಲವು ನಿಮಿಷಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ಪರೀಕ್ಷೆಯ ನಡುವೆ ಚೆಕ್‌ಪಾಯಿಂಟ್ (ಮೆಮೊರಿಯ ಬದಲಾವಣೆಗಳನ್ನು ಡಿಸ್ಕಿಗೆ ಬರೆಯುವ ಘಟ್ಟ) ಬರುವಷ್ಟು ಹೊತ್ತು ಓಡಿಸಿ.

ಎರಡು, ಸರಾಸರಿ ನೋಡಿ ಸಮಾಧಾನಪಡಬೇಡಿ. 95ನೇ ಮತ್ತು 99ನೇ ಪರ್ಸೆಂಟೈಲ್ (ನೂರರಲ್ಲಿ 95, 99 ಕ್ವೆರಿಗಳು ಎಷ್ಟು ಹೊತ್ತಿನೊಳಗೆ ಮುಗಿದವು ಅನ್ನುವುದು) ನೋಡಿ. ಲಾಗ್ ಬರೆಯುವ ಬಫರ್ ಆಗಾಗ ತುಂಬಿ ಒಂದಷ್ಟು ಕ್ವೆರಿಗಳು ಸಿಕ್ಕಿಹಾಕಿಕೊಂಡರೆ ಸರಾಸರಿ ಅಲ್ಲಾಡುವುದಿಲ್ಲ, ಬೈಗುಳ ಮಾತ್ರ ಬರುತ್ತದೆ. ಮೆಷಿನ್ ತಡೆಯುವಷ್ಟೂ ಲೋಡ್ ಸುರಿಯುವ ಪರೀಕ್ಷೆ ಸಾಲದು. ಪಿಜಿಬೆಂಚ್‌ನ ರೇಟ್ ಆಯ್ಕೆ ಬಳಸಿ, ನಿಮ್ಮ ಮಾಮೂಲಿ ದಟ್ಟಣೆಯಷ್ಟೇ ಕ್ವೆರಿಗಳನ್ನು ಒಂದೇ ವೇಗದಲ್ಲಿ ಕಳಿಸಿ. ಆಗ ವಿಳಂಬವನ್ನು ಕ್ವೆರಿ ಹೊರಡಬೇಕಾಗಿದ್ದ ಸಮಯದಿಂದ ಎಣಿಸಲಾಗುತ್ತದೆ, ಸರತಿಯಲ್ಲಿ ಕಾದದ್ದೂ ಲೆಕ್ಕಕ್ಕೆ ಬರುತ್ತದೆ. ಬಳಕೆದಾರರಿಗೆ ತಟ್ಟುವುದು ಈ ಸಂಖ್ಯೆಯೇ.

ಹಂತ 4: ಮೆಟ್ಟಿಲು ಮೆಟ್ಟಿಲಾಗಿ ಆನ್ ಮಾಡಿ

ಒಂದೇ ಸಲ ಎಲ್ಲ ಹಾಕಿದರೆ ಹೊರೆ ಎಲ್ಲಿಂದ ಬಂತು ಅಂತ ತಿಳಿಯುವುದಿಲ್ಲ. ಮೊದಲು ಪಿಜಿಆಡಿಟ್ ಲೋಡ್ ಮಾಡಿ, ಆದರೆ ಏನನ್ನೂ ದಾಖಲಿಸದೆ ಅಳೆಯಿರಿ. ಆಮೇಲೆ ಡಿಡಿಎಲ್ ಮತ್ತು ರೋಲ್ ವರ್ಗ ಮಾತ್ರ. ಟೇಬಲ್ ರಚನೆ, ಅನುಮತಿ ಬದಲಾವಣೆ ಇಂಥವು ದಿನಕ್ಕೆ ಬೆರಳೆಣಿಕೆಯಷ್ಟು, ಆದ್ದರಿಂದ ಇಲ್ಲಿ ಖರ್ಚು ಕಾಣಿಸಬಾರದು. ಕಾಣಿಸಿದರೆ ಪರೀಕ್ಷೆಯಲ್ಲೇ ಏನೋ ಐಬಿದೆ. ನಂತರ ರೈಟ್, ಕೊನೆಗೆ ರೀಡ್.

ಪಿಜಿಬೆಂಚ್‌ನ ಮಾಮೂಲಿ ಟ್ರಾನ್ಸಾಕ್ಷನ್ ಒಳಗೆ ಮೂರು ಅಪ್‌ಡೇಟ್, ಒಂದು ಸೆಲೆಕ್ಟ್, ಒಂದು ಇನ್ಸರ್ಟ್ ಇವೆ. ರೈಟ್ ಹಾಕಿದರೆ ಟ್ರಾನ್ಸಾಕ್ಷನ್‌ಗೆ ನಾಲ್ಕು ಸಾಲು, ರೀಡ್ ಸೇರಿಸಿದರೆ ಐದು. ಸೆಕೆಂಡಿಗೆ 2000 ಟ್ರಾನ್ಸಾಕ್ಷನ್ ಓಡಿದರೆ 10,000 ಸಾಲು ಲಾಗ್. ಪ್ರತಿ ಮೆಟ್ಟಿಲಲ್ಲೂ ವಿಳಂಬದ ಜೊತೆಗೆ ಸಿಪಿಯು, ಲಾಗ್ ಡಿಸ್ಕಿನ ಬರಹ, ಲಾಗ್ ಫೈಲ್ ಬೆಳೆದ ಗಾತ್ರ ಬರೆದಿಟ್ಟುಕೊಳ್ಳಿ. ಬರೇ ಓದುವ ಪರೀಕ್ಷೆಯನ್ನೂ ಬೇರೆಯಾಗಿ ಮಾಡಿ. ಕಮಿಟ್‌ನ (ಬದಲಾವಣೆ ಖಾಯಂ ಮಾಡುವುದರ) ಡಿಸ್ಕ್ ಕಾಯುವಿಕೆ ಇಲ್ಲದ್ದರಿಂದ ಆಡಿಟ್‌ನ ಪೆಟ್ಟು ಅಲ್ಲೇ ಸ್ಪಷ್ಟವಾಗಿ ಎದ್ದು ಕಾಣುವುದು.

ಮೊದಲೇ 80 ಪರ್ಸೆಂಟ್ ಸಿಪಿಯುನಲ್ಲಿ ಓಡುವ ಮೆಷಿನ್‌ಗೆ ಇನ್ನೈದು ಪರ್ಸೆಂಟ್ ಸೇರುವುದೂ, 30ರಲ್ಲಿ ಓಡುವುದಕ್ಕೆ ಅಷ್ಟೇ ಸೇರುವುದೂ ಒಂದೇ ಅಲ್ಲ. ಮೊದಲನೆಯದರಲ್ಲಿ ಸರತಿ ಸರ್ರನೆ ಉದ್ದವಾಗುತ್ತದೆ. ಹಾಗಾಗಿ ಅತಿ ದಟ್ಟಣೆಯ ಹೊತ್ತಿನ ಲೋಡ್ ಹಾಕಿಯೇ ಅಳೆಯಿರಿ.

ಹಂತ 5: ಬೈಟ್ ಲೆಕ್ಕ ಹಾಕಿ

ಇದು ಕಾಗದದ ಮೇಲೆ ಐದು ನಿಮಿಷದ ಕೆಲಸ, ಆದರೂ ಬಿಟ್ಟುಬಿಡುವವರೇ ಹೆಚ್ಚು. ಸೆಕೆಂಡಿಗೆ 5000 ಸಾಲು, ಸಾಲಿಗೆ 500 ಬೈಟ್ ಅಂದರೆ ಸೆಕೆಂಡಿಗೆ 2.5 ಎಂಬಿ. ಕೇಳಲು ಏನೂ ಅಲ್ಲ. ದಿನದ 86,400 ಸೆಕೆಂಡಿಗೆ ಗುಣಿಸಿ: 216 ಜಿಬಿ. ಮೂರು ತಿಂಗಳಿಗೆ 19 ಟಿಬಿ ದಾಟುತ್ತದೆ. ಇಷ್ಟನ್ನು ಬರೆಯಬೇಕು, ಬೇರೆ ಕಡೆ ಸಾಗಿಸಬೇಕು, ಹುಡುಕಲು ಬರುವಂತೆ ಇಡಬೇಕು. ಲಾಗ್ ಸಾಗಿಸುವ ಏಜೆಂಟ್ ಅದೇ ಮೆಷಿನ್ ಮೇಲೆ ಓಡುತ್ತಿದ್ದರೆ ಅದು ತಿನ್ನುವ ಸಿಪಿಯುವನ್ನೂ ಆಡಿಟ್‌ನ ಖಾತೆಗೇ ಬರೆಯಿರಿ.

ಸಾಲಿನ ಸರಾಸರಿ ಗಾತ್ರವನ್ನು ಊಹಿಸಬೇಡಿ, ಲಾಗ್ ಫೈಲಿನಿಂದ ತೆಗೆಯಿರಿ. ಓಆರ್‌ಎಂ (ಅಪ್ಲಿಕೇಶನ್ ಪರವಾಗಿ ಕ್ವೆರಿ ತಾನೇ ಬರೆಯುವ ಲೈಬ್ರರಿ) ಬಳಸುವ ಕಡೆ 2000 ಐಡಿಗಳ ಪಟ್ಟಿ ಹಾಕಿದ ಒಂದೇ ಸೆಲೆಕ್ಟ್ ಸಾಮಾನ್ಯ. ಆ ಐಡಿಗಳು ಕ್ವೆರಿಯಲ್ಲೇ ಬರೆದಿದ್ದರೆ ಅದರ ಪಠ್ಯವೇ ಹತ್ತಾರು ಸಾವಿರ ಅಕ್ಷರ, ಅಷ್ಟೂ ಲಾಗಿಗೆ ಹೋಗುತ್ತದೆ. ಪ್ಯಾರಾಮೀಟರ್ ಮೌಲ್ಯಗಳನ್ನೂ (ಕ್ವೆರಿಗೆ ಬೇರೆಯಾಗಿ ಕಳಿಸುವ ಡೇಟಾವನ್ನೂ) ದಾಖಲಿಸಿ ಅಂತ ಹೇಳಿದ್ದರೆ ಬಳಕೆದಾರರು ಅಪ್‌ಲೋಡ್ ಮಾಡಿದ ದೊಡ್ಡ ಜೇಸನ್ ಕೂಡ ಲಾಗಿನಲ್ಲಿ ಬಂದು ಕೂರುತ್ತದೆ. ಗುಟ್ಟಾಗಿರಬೇಕಾದ ಡೇಟಾ ಲಾಗಿಗೆ ಸೋರುವುದೂ ಹೀಗೆಯೇ.

ಹಂತ 6: ಕತ್ತರಿ ಹಾಕಿ

ಮೊದಲ ಕತ್ತರಿ ಆಡಿಟ್‌ಗಲ್ಲ, ಕ್ವೆರಿಗಳಿಗೆ. ಒಂದು ಪಟ್ಟಿ ತಂದು, ಅದರ ಪ್ರತಿ ಸಾಲಿಗೂ ಇನ್ನೊಂದು ಕ್ವೆರಿ ಕಳಿಸುವ ಕೋಡ್ ಇದ್ದರೆ ಆಡಿಟ್ ಅದನ್ನು ಅಷ್ಟೇ ಪಟ್ಟು ಹಿಗ್ಗಿಸುತ್ತದೆ. 101 ಕ್ವೆರಿ ಎರಡಕ್ಕಿಳಿದರೆ ಆಡಿಟ್ ಸಾಲೂ ಎರಡಕ್ಕಿಳಿಯುತ್ತದೆ. ಆಡಿಟ್ ಇರಲಿ ಬಿಡಲಿ, ಇದು ಹೇಗೂ ಮಾಡಬೇಕಾದ ಕೆಲಸ.

ಆಮೇಲೆ ಸದ್ದು ಮಾಡುವ ಖಾತೆಗಳು. ಕನೆಕ್ಷನ್ ಪೂಲ್ "ಬದುಕಿದ್ದೀಯಾ" ಅಂತ ಕೇಳುವ ಸೆಲೆಕ್ಟ್ 1, ಮಾನಿಟರಿಂಗ್ ಟೂಲ್ ಕ್ಷಣಕ್ಷಣಕ್ಕೂ ಕೇಳುವ ಅಂಕಿಅಂಶ, ಇವುಗಳಿಂದ ಯಾರಿಗೂ ಉಪಯೋಗವಿಲ್ಲ. ಪಿಜಿಆಡಿಟ್‌ನ ಲಾಗ್ ಸೆಟ್ಟಿಂಗನ್ನು ರೋಲ್ (ಡೇಟಾಬೇಸ್ ಖಾತೆ) ಮಟ್ಟದಲ್ಲೂ ಕೊಡಬಹುದು, ಆದ್ದರಿಂದ ಮಾನಿಟರಿಂಗ್ ರೋಲ್‌ಗೆ ಅದನ್ನು 'ನನ್' (none, ಏನೂ ಬೇಡ) ಮಾಡಿ. ಸಿಸ್ಟಂ ಕ್ಯಾಟಲಾಗ್ (ಡೇಟಾಬೇಸ್ ತನ್ನದೇ ಮಾಹಿತಿ ಇಟ್ಟುಕೊಳ್ಳುವ ಟೇಬಲ್‌ಗಳು) ಓದುಗಳನ್ನು ಬಿಡಲು ಬೇರೆ ಸೆಟ್ಟಿಂಗ್ ಇದೆ. ಮಾರಿಯಾಡಿಬಿಯಲ್ಲಿ ಬಳಕೆದಾರರನ್ನು ಹೊರಗಿಡುವ ಪಟ್ಟಿ ಇದೆ, ಸೆಲೆಕ್ಟ್ ಬಿಟ್ಟು ಬದಲಾವಣೆಗಳನ್ನಷ್ಟೇ ದಾಖಲಿಸುವ ಆಯ್ಕೆಯೂ ಇದೆ.

ಓದುಗಳನ್ನು ದಾಖಲಿಸಲೇಬೇಕಾದಾಗ ಪಿಜಿಆಡಿಟ್‌ನ ಆಬ್ಜೆಕ್ಟ್ ಆಡಿಟ್ ಬಳಸಿ. ಇದರ ಉಪಾಯ ಚೆನ್ನಾಗಿದೆ. ಆಡಿಟರ್ ಅಂತ ಒಂದು ರೋಲ್ ಮಾಡಿ, ಅದೇ ಆಡಿಟ್ ರೋಲ್ ಅಂತ ಸೆಟ್ಟಿಂಗಿನಲ್ಲಿ ಹೇಳಿ. ಆ ರೋಲ್‌ಗೆ ಯಾವ ಟೇಬಲ್ ಅಥವಾ ಕಾಲಂ ಓದಲು ಅನುಮತಿ ಕೊಡುತ್ತೀರೋ, ಅದನ್ನು ಯಾರು ಓದಿದರೂ ದಾಖಲಾಗುತ್ತದೆ. ಉಳಿದದ್ದು ದಾಖಲಾಗುವುದಿಲ್ಲ. ಗ್ರಾಹಕರ ಟೇಬಲಿನಲ್ಲಿ ಫೋನ್ ನಂಬರ್ ಕಾಲಂ ಒಂದಕ್ಕೇ ಅನುಮತಿ ಕೊಟ್ಟರೆ, ಬರೇ ಹೆಸರು ಓದುವ ಸಾವಿರಾರು ಕ್ವೆರಿಗಳು ಲಾಗಿಗೆ ಬರುವುದಿಲ್ಲ. ಆದರೆ ಟ್ರಂಕೇಟ್ (ಟೇಬಲ್ ಪೂರ್ತಿ ಖಾಲಿ ಮಾಡುವ ಆದೇಶ) ಇದರ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೆ ಸೆಷನ್ ಆಡಿಟ್‌ನಲ್ಲಿ (ಹಂತ 4ರಂತೆ ವರ್ಗ ಹೇಳಿ ದಾಖಲಿಸುವ ರೀತಿಯಲ್ಲಿ) ದಾರಿ ಮಾಡಿ. ಆರಕಲ್‌ನಲ್ಲಾದರೆ ಪಾಲಿಸಿಗೆ ಷರತ್ತು ಹಾಕಿ, ಅದನ್ನು ಸೆಷನ್‌ಗೆ ಒಂದೇ ಸಲ ಪರೀಕ್ಷಿಸುವಂತೆ ಹೇಳಬಹುದು. ಪ್ರತಿ ಸ್ಟೇಟ್‌ಮೆಂಟಿಗೂ ಪರೀಕ್ಷಿಸುವುದಕ್ಕಿಂತ ಇದು ಹಗುರ.

ಹಂತ 7: ಕೊಳವೆ ತುಂಬಿದಾಗ ಯಾರು ಕಾಯಬೇಕು?

ಇಡೀ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದೇ. ಆಡಿಟ್ ಸಾಲು ಹುಟ್ಟುವ ವೇಗ, ಬರೆಯುವ ವೇಗವನ್ನು ಮೀರಿದಾಗ ಆಗುವುದು ಎರಡರಲ್ಲಿ ಒಂದು: ಕ್ವೆರಿ ಕಾಯುತ್ತದೆ, ಇಲ್ಲವೇ ಆಡಿಟ್ ಸಾಲು ಕಳೆದುಹೋಗುತ್ತದೆ. ಎರಡೂ ಆಗಬಾರದು ಅಂದರೆ ಸಾಲುಗಳನ್ನೇ ಕಡಿಮೆ ಮಾಡಬೇಕು. ನೀವು ಆರಿಸದಿದ್ದರೆ ಸಾಫ್ಟ್‌ವೇರಿನ ಡಿಫಾಲ್ಟ್ ನಿಮ್ಮ ಪರವಾಗಿ ಆರಿಸಿರುತ್ತದೆ.

ಪೋಸ್ಟ್‌ಗ್ರೆಸ್‌ನ ಲಾಗಿಂಗ್ ಕಲೆಕ್ಟರ್ (ಲಾಗ್ ಸಾಲುಗಳನ್ನು ಒಟ್ಟುಮಾಡಿ ಫೈಲಿಗೆ ಬರೆಯುವ ಪ್ರೊಸೆಸ್) ಒಂದು ಸಾಲನ್ನೂ ಬಿಡಬಾರದು ಅಂತಲೇ ಮಾಡಿದ್ದು. ಅದು ಹಿಂದೆ ಬಿದ್ದರೆ ಕ್ವೆರಿ ಓಡಿಸುವ ಪ್ರೊಸೆಸ್‌ಗಳೇ ತಡೆದು ನಿಲ್ಲುತ್ತವೆ. ಅದೇ ಲಾಗನ್ನು ಸಿಸ್‌ಲಾಗ್ (ಆಪರೇಟಿಂಗ್ ಸಿಸ್ಟಂನ ಲಾಗ್ ಸೇವೆ) ಮೂಲಕ ಕಳಿಸಿದರೆ, ಬರೆಯಲಾಗದ ಸಾಲನ್ನು ಅದು ಬಿಟ್ಟುಬಿಡುತ್ತದೆ, ಡೇಟಾಬೇಸ್ ನಿಲ್ಲುವುದಿಲ್ಲ. ವೇಗದ ಆಸೆಗೆ ಸಿಸ್‌ಲಾಗ್‌ಗೆ ಬದಲಾಯಿಸುವ ಮುಂಚೆ ಇದು ಗೊತ್ತಿರಲಿ.

ಮೈಎಸ್‌ಕ್ಯೂಎಲ್ ಎಂಟರ್‌ಪ್ರೈಸ್‌ನಲ್ಲಿ ಇದನ್ನೇ ನಾಲ್ಕು ಆಯ್ಕೆಯಾಗಿ ಕೊಟ್ಟಿದ್ದಾರೆ. ಅಸಿಂಕ್ರೊನಸ್ ಡಿಫಾಲ್ಟ್: ಬಫರಿಗೆ ಬರೆಯುತ್ತದೆ, ತುಂಬಿದರೆ ಜಾಗ ಸಿಗುವ ತನಕ ಕಾಯುತ್ತದೆ. ಪರ್ಫಾರ್ಮೆನ್ಸ್ ಅನ್ನುವುದೂ ಬಫರಿಗೇ ಬರೆಯುತ್ತದೆ, ತುಂಬಿದರೆ ಸಾಲನ್ನು ಎಸೆಯುತ್ತದೆ. ಹೆಸರು ಚಂದ ಇದೆ ಅಂತ ಹಾಕಿಬಿಡಬೇಡಿ. ಸೆಮಿಸಿಂಕ್ರೊನಸ್ ಫೈಲಿಗೆ ನೇರ ಬರೆಯುತ್ತದೆ, ಆದರೆ ಆಪರೇಟಿಂಗ್ ಸಿಸ್ಟಂನ ಕ್ಯಾಶ್‌ನಲ್ಲಿ ಉಳಿಯಬಹುದು. ಸಿಂಕ್ರೊನಸ್ ಪ್ರತಿ ಸಲವೂ ಡಿಸ್ಕಿಗೆ ತಲುಪಿಸಿಯೇ ಮುಂದಕ್ಕೆ ಹೋಗುತ್ತದೆ. ಎಲ್ಲಕ್ಕಿಂತ ನಿಧಾನ ಇದೇ.

ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಕ್ಯೂ ಡಿಲೇ ಅಂತ ಇದೆ. ಡಿಫಾಲ್ಟ್ 1000 ಮಿಲಿಸೆಕೆಂಡ್, ಅಂದರೆ ಬರಹ ಹಿನ್ನೆಲೆಯಲ್ಲಿ ನಡೆಯುತ್ತದೆ. ಸೊನ್ನೆ ಹಾಕಿದರೆ ಕೂಡಲೇ ಬರೆಯಲೇಬೇಕು. ಇದರ ಜೊತೆಗೆ ಆಡಿಟ್ ಬರೆಯಲಾಗದಿದ್ದರೆ ಏನು ಮಾಡಬೇಕು ಅಂತಲೂ ಹೇಳಬೇಕು: ಮುಂದುವರಿ, ಆ ಒಂದು ಕೆಲಸ ನಿಲ್ಲಿಸು, ಇಲ್ಲವೇ ಸರ್ವರನ್ನೇ ಶಟ್‌ಡೌನ್ ಮಾಡು. ಕೊನೆಯದನ್ನು ಆರಿಸಿ, ಆಡಿಟ್ ಡಿಸ್ಕ್ ತುಂಬಲು ಬಿಟ್ಟರೆ ಏನಾಗುತ್ತದೆ ಅಂತ ಊಹಿಸಿಕೊಳ್ಳಿ.

ಆರಕಲ್ 12.1ರ ಯೂನಿಫೈಡ್ ಆಡಿಟಿಂಗ್ ಶುರುವಿನಲ್ಲಿ ಸಾಲುಗಳನ್ನು ಮೆಮೊರಿಯ ಕ್ಯೂನಲ್ಲಿಟ್ಟು ಆಮೇಲೆ ಬರೆಯುತ್ತಿತ್ತು. ವೇಗ ಚೆನ್ನಾಗಿತ್ತು, ಇನ್‌ಸ್ಟೆನ್ಸ್ ಕುಸಿದರೆ ಕ್ಯೂನಲ್ಲಿದ್ದದ್ದು ಹೋಗುತ್ತಿತ್ತು. 12.2ರಿಂದ ನೇರವಾಗಿ ಟೇಬಲಿಗೇ ಬರೆಯುವ ರೀತಿಗೆ ಬಂದರು.

ನನ್ನ ಅಭಿಪ್ರಾಯ ಕೇಳಿದರೆ: ಅಡ್ಮಿನ್ ಕೆಲಸ, ಅನುಮತಿ ಬದಲಾವಣೆ, ಗುಟ್ಟಿನ ಟೇಬಲ್‌ಗಳು ಇಂಥವನ್ನು ಕಳೆದುಕೊಳ್ಳದ ರೀತಿಯಲ್ಲೇ ಬರೆಯಿರಿ. ಅವು ಕಡಿಮೆ, ಕಾದರೂ ಯಾರಿಗೂ ತೊಂದರೆಯಿಲ್ಲ. ಹೊರೆ ತಡೆಯಲಾರದೆ ಸಾಲು ಎಸೆಯುವ ಆಯ್ಕೆಗೆ ಹೋಗಬೇಕು ಅನ್ನಿಸಿದರೆ, ಹಂತ 6ಕ್ಕೆ ವಾಪಸ್ ಹೋಗಿ ಇನ್ನಷ್ಟು ಕತ್ತರಿಸಿ. ಆಡಿಟ್ ಫೈಲನ್ನು ಡೇಟಾ ಇರುವ ಡಿಸ್ಕಿನಲ್ಲಿ ಇಡಬೇಡಿ. ಆರಕಲ್‌ನಲ್ಲಿ ಆಡಿಟ್ ಟೇಬಲ್‌ಗೆ ಅದರದ್ದೇ ಟೇಬಲ್‌ಸ್ಪೇಸ್ (ಟೇಬಲ್ ಇಡುವ ಜಾಗ) ಕೊಡಿ.

ಈ ಹಂತವನ್ನೂ ಪರೀಕ್ಷಿಸಿಯೇ ನೋಡಿ. ಪರೀಕ್ಷೆಯ ಮೆಷಿನ್‌ನಲ್ಲಿ ಲಾಗ್ ಡಿಸ್ಕನ್ನು ಬೇಕಂತಲೇ ತುಂಬಿಸಿ. ದೂರದ ಲಾಗ್ ಸರ್ವರನ್ನು ಆಫ್ ಮಾಡಿ. ತಿಂಗಳ ಕೊನೆಯ ಬ್ಯಾಚ್ ಓಡಿಸಿ. ಆಗ ಅಪ್ಲಿಕೇಶನ್ ಏನು ಮಾಡುತ್ತದೆ ಅಂತ ನೋಡಿ ಬರೆದಿಡಿ.

ಹಂತ 8: ಪ್ರೊಡಕ್ಷನ್‌ಗೆ ಒಯ್ಯುವುದು

ಪಿಜಿಆಡಿಟ್ ಲೋಡ್ ಮಾಡಲು ಸರ್ವರ್ ರೀಸ್ಟಾರ್ಟ್ ಬೇಕು. ಆದರೆ ಯಾವ ವರ್ಗ ದಾಖಲಿಸಬೇಕು ಅನ್ನುವುದನ್ನು ಬದಲಿಸಲು ಬರೇ ರೀಲೋಡ್ ಸಾಕು. ಹಾಗಾಗಿ ಮೊದಲು ಸಿಗುವ ಮೇಂಟೆನೆನ್ಸ್ ಸಮಯದಲ್ಲಿ ಲೋಡ್ ಮಾಡಿ, ಲಾಗ್ ಸೆಟ್ಟಿಂಗ್ ನನ್ ಆಗಿಯೇ ಬಿಡಿ. ಆಮೇಲೆ ಒಂದು ರೀಡ್ ರೆಪ್ಲಿಕಾ ಮೇಲೆ ಓದುಗಳ ಆಡಿಟ್ ಹಾಕಿ ಕೆಲವು ದಿನ ನೋಡಬಹುದು. ಪಿಜಿಆಡಿಟ್ ಬರೆಯುವುದು ಲಾಗ್ ಫೈಲಿಗೆ, ಆದ್ದರಿಂದ ರೆಪ್ಲಿಕಾದಲ್ಲೂ ಕೆಲಸ ಮಾಡುತ್ತದೆ. ಮುಖ್ಯ ಸರ್ವರ್‌ನಲ್ಲಿ ಡಿಡಿಎಲ್, ರೋಲ್‌ನಿಂದ ಶುರುಮಾಡಿ ಒಂದೊಂದೇ ವರ್ಗ ಸೇರಿಸಿ. ಸೇರಿಸಿದ ಮೇಲೆ ಒಂದು ವಾರವಾದರೂ ಬಿಡಿ, ವಾರದ ಬ್ಯಾಚ್‌ಗಳು ಅದರೊಳಗೆ ಬಂದುಹೋಗಲಿ.

ಲಾಗ್ ಬೆಳೆಯುವ ವೇಗಕ್ಕೆ ಅಲರ್ಟ್ ಇಡಿ. ಡಿಸ್ಕ್ ತುಂಬಿದ ಅಲರ್ಟ್ ಬರುವಷ್ಟರಲ್ಲಿ ತಡವಾಗಿರುತ್ತದೆ. ವೇಗ ದಿಢೀರನೆ ಏರಿದರೆ ಹೊಸ ರಿಲೀಸ್‌ನಲ್ಲಿ ಯಾವುದೋ ಕ್ವೆರಿ ಲೂಪಿನೊಳಗೆ ಸೇರಿಕೊಂಡಿರಬಹುದು. ಹೊರೆ ತಡೆಯದಾದಾಗ ಯಾವ ವರ್ಗವನ್ನು ಮೊದಲು ತೆಗೆಯಬೇಕು, ತೆಗೆಯುವ ಅಧಿಕಾರ ಯಾರಿಗೆ ಅನ್ನುವುದನ್ನೂ ಮುಂಚೆಯೇ ಬರೆದು ಒಪ್ಪಿಗೆ ಪಡೆಯಿರಿ. ಹಾಗೆ ತೆಗೆದದ್ದು ಯಾವಾಗ, ಮತ್ತೆ ಹಾಕಿದ್ದು ಯಾವಾಗ ಅನ್ನುವುದು ಡೇಟಾಬೇಸ್ ಅಡ್ಮಿನ್ ಕೈ ತಲುಪದ ಇನ್ನೊಂದು ಮೆಷಿನ್‌ನಲ್ಲಿ ದಾಖಲಾಗಬೇಕು.